ಗಸಗಸೆಗಿಂತ ಸಣ್ಣ ಗದ್ದೆ: ಒಂದು ಅರಣ್ಯ ಹಕ್ಕಿನ ಅರ್ಜಿ, ಒಂದು ಬೇಹುಗಾರಿಕೆ ಚಿತ್ರ

ಶಿರಸಿ ಸೀಮೆಯ ಘಟ್ಟದ ಅಂಚಿನಲ್ಲಿ, ಮಳೆಗಾಲ ಜೋರಾದರೆ ಬಸ್ಸು ಅರ್ಧಕ್ಕೇ ನಿಂತುಬಿಡುವ ಊರೊಂದಿದೆ. ಅಲ್ಲಿಂದ ಒಬ್ಬರು ಕೆಲ ವರ್ಷಗಳ ಹಿಂದೆ ನಮ್ಮ ಮನೆಗೆ ಬಂದರು. ಐವತ್ತೈದು ದಾಟಿದ ಆಸಾಮಿ. ಗೊಬ್ಬರದ ಚೀಲ, ಅದರೊಳಗೆ ಪ್ಲಾಸ್ಟಿಕ್ ಕೊಟ್ಟೆ, ಅದರೊಳಗೆ ಒಂದು ಫೈಲು. ನಾನು ಕಾಲೇಜಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತನಾದವನು. ಇವರ ಅಣ್ಣನ ಮಗ ನನ್ನ ವಿದ್ಯಾರ್ಥಿ. ಚಾ ಕುಡಿದು ಮುಗಿಸುವವರೆಗೂ ಮಳೆ, ಕೊಳೆರೋಗ, ಅಡಿಕೆ ದರ ಅಂತ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು.

"ಮಾಸ್ತರ್ರೆ, ಮೇಲಿಂದ ತೆಗೆದ ಹಳೇ ಫೋಟೊ ಇರ್ತದಂತೆ. ಅದ್ರಲ್ಲಿ ನಮ್ಮ ಗದ್ದೆ ಕಾಣ್ತದಾ ನೋಡಿ ಹೇಳಿ."

ಊರಿನ ಹೆಸರು, ಅವರ ಹೆಸರು, ಚಿತ್ರದ ನಿಖರ ತಾರೀಖು ಮೂರನ್ನೂ ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಅವರನ್ನು ಅರ್ಜಿದಾರರು ಎಂದೇ ಕರೆಯುತ್ತೇನೆ.

ಫೈಲಿನಲ್ಲಿ ಇದ್ದದ್ದು

ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿ. 2 ಎಕರೆ 14 ಗುಂಟೆ. ಜಿಪಿಎಸ್ ಸರ್ವೆಯ ಒಂದು ನಕ್ಷೆ, ಗ್ರಾಮ ಸಭೆಯ ಠರಾವು, ರೇಷನ್ ಕಾರ್ಡು, ಮತದಾರರ ಪಟ್ಟಿಯ ಪ್ರತಿ. ಮೇಲಿನ ಸಮಿತಿಯಿಂದ ವಾಪಸು ಬಂದ ಹಿಂಬರಹದಲ್ಲಿ ಒಂದೇ ಸಾಲು: 75 ವರ್ಷಗಳ ಪೂರಕ ದಾಖಲೆ ಇರುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಈ ಸಾಲು ಬಾಯಿಪಾಠ. ಹೊರಗಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಕಾಯ್ದೆ 2006ರದ್ದು. ಪರಿಶಿಷ್ಟ ಪಂಗಡದವರಲ್ಲದ 'ಇತರೆ ಪಾರಂಪರಿಕ ಅರಣ್ಯವಾಸಿ'ಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು ಅಲ್ಲಿ ನೆಲೆಸಿ ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ. ಲೆಕ್ಕ ಹಾಕಿದರೆ 1930ರ ಡಿಸೆಂಬರಿಗೆ ಹೋಗಿ ನಿಲ್ಲುತ್ತದೆ. ಇನ್ನೊಂದು ತಾರೀಖೂ ನಮ್ಮಲ್ಲಿ ಎಲ್ಲರ ನಾಲಿಗೆ ಮೇಲಿದೆ: 1978ರ ಏಪ್ರಿಲ್ 27. ಅದಕ್ಕೂ ಹಿಂದಿನ ಅತಿಕ್ರಮಣಗಳನ್ನು ಸಕ್ರಮ ಮಾಡುವುದೆಂದು ರಾಜ್ಯ ಹಾಕಿಕೊಂಡ ಹಳೆಯ ಗೆರೆ.

ಇದರಲ್ಲಿ ಬಹಳ ಜನ, ಕಚೇರಿಯವರೂ ಸೇರಿ, ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. 75 ವರ್ಷ ಎನ್ನುವುದು ಕುಟುಂಬ ಆ ಕಾಡುಸೀಮೆಯಲ್ಲಿ ಬಾಳಿದ್ದಕ್ಕೆ. ಅರ್ಜಿ ಹಾಕಿದ ತುಂಡು ಜಮೀನನ್ನೇ 75 ವರ್ಷ ಉತ್ತಿರಬೇಕು ಅಂತಲ್ಲ. ಸ್ವಾಧೀನ 2005ರ ಡಿಸೆಂಬರ್ 13ಕ್ಕೆ ಮೊದಲಿನದಾಗಿದ್ದರೆ ಆಯಿತು. ಈ ವ್ಯತ್ಯಾಸ ಮುಂದೆ ನಮ್ಮ ಕೈ ಹಿಡಿಯಿತು. ಆದರೆ ಆ ದಿನ ಚಾವಡಿಯಲ್ಲಿ ಕೂತಾಗ ನನಗೂ ಅದು ಹೊಳೆದಿರಲಿಲ್ಲ.

1930ಕ್ಕೆ ಚಿತ್ರ ಎಲ್ಲಿಂದ ತರುವುದು

ಮೊದಲು ಹೇಳಿದ್ದು ಇಷ್ಟೇ: 1930ರ ಫೋಟೊ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಮೇಲಿಂದ ಚಿತ್ರ ತೆಗೆಯುವ ವಿದ್ಯೆ ಆಗ ಇತ್ತು. ಪ್ಯಾರಿಸ್ಸಿನ ನಾಡಾರ್ 1858ರಲ್ಲೇ ಬಲೂನಿನಿಂದ ತೆಗೆದಿದ್ದ, ಅದು ಉಳಿದಿಲ್ಲ. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬೋಸ್ಟನ್ ನಗರದ ಮೇಲಿಂದ ತೆಗೆದದ್ದು ಉಳಿದಿದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ನಕ್ಷೆ ಬರೆದದ್ದೇ ವಿಮಾನದ ಚಿತ್ರಗಳಿಂದ. ಆ ಯುದ್ಧ ಮುಗಿದು ಹೆಚ್ಚು ಕಾಲವಾಗುವ ಮುನ್ನವೇ, 1924ರ ಸುಮಾರಿಗೆ, ಬರ್ಮಾದ ಐರಾವತಿ ಮುಖಜಭೂಮಿಯ ಕಾಡನ್ನು ವಿಮಾನದಿಂದ ಅಳೆದಿದ್ದರು. ಆದರೆ ಉತ್ತರ ಕನ್ನಡದ ಒಂದು ಕಣಿವೆಯ ಒಂದು ಗದ್ದೆ ಯಾರಿಗೆ ಬೇಕಿತ್ತು?

ಯುದ್ಧದಲ್ಲಿ ಕಲಿತದ್ದು ಸಂಶೋಧನೆಗೆ ಹೇಗೆ ಹರಿಯಿತು ಎನ್ನುವುದಕ್ಕೆ ನಾನು ಪಾಠದಲ್ಲಿ ಸದಾ ಹೇಳುತ್ತಿದ್ದ ಉದಾಹರಣೆ ಪುರಾತತ್ವಜ್ಞ ಒ.ಜಿ.ಎಸ್. ಕ್ರಾಫರ್ಡ್. ಯುದ್ಧದಲ್ಲಿ ವಿಮಾನದ ವೀಕ್ಷಕನಾಗಿದ್ದವ. ಬ್ರಿಟನ್ನಿನ ವಾಯುಪಡೆ 1921ರಲ್ಲಿ ಇತಿಹಾಸಪೂರ್ವ ಕಲ್ಲುವೃತ್ತವಾದ ಸ್ಟೋನ್‌ಹೆಂಜ್ ಮೇಲೆ ಹಾರಿ ತೆಗೆದ ಚಿತ್ರಗಳು ಅವನ ಕೈಗೆ ಬಂದವು. ಹೊಲದಲ್ಲಿ ಎರಡು ಸಮಾನಾಂತರ ಗೆರೆ. ನೆಲದ ಮೇಲೆ ನಿಂತರೆ ಏನೂ ಇಲ್ಲ. ಸಾವಿರಾರು ವರ್ಷದ ಹಿಂದೆ ತೋಡಿ ಮುಚ್ಚಿಹೋದ ಅಗಳದ ಮೇಲೆ ಪೈರಿನ ಬಣ್ಣ ಬೇರೆಯಾಗಿ ಬಂದಿತ್ತು. ನನಗೆ ಇಷ್ಟವಾಗುವುದು ಅವನು ಮುಂದೆ ಮಾಡಿದ ಕೆಲಸ. ಚಿತ್ರ ನಂಬಿ ಕೂರಲಿಲ್ಲ, 1923ರಲ್ಲಿ ಹೋಗಿ ಅಗೆದ. ಅಗಳ ಸಿಕ್ಕಿತು.

ಎರಡನೇ ಮಹಾಯುದ್ಧಕ್ಕೆ ಇದೊಂದು ದೊಡ್ಡ ಕಾರ್ಖಾನೆಯೇ ಆಯಿತು. ಇಂಗ್ಲೆಂಡಿನ ಮೆಡ್ಮನ್‌ಹ್ಯಾಮ್ ಎಂಬಲ್ಲಿ ನೂರಾರು ಜನ ಹಗಲು ರಾತ್ರಿ, ಜೋಡಿ ಚಿತ್ರವನ್ನು ಉಬ್ಬುತಗ್ಗಾಗಿ ತೋರಿಸುವ ಸ್ಟೀರಿಯೋಸ್ಕೋಪಿಗೆ ಕಣ್ಣು ಹಚ್ಚಿ ಕೂತಿರುತ್ತಿದ್ದರು. ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬಾಕೆ 1943ರಲ್ಲಿ ಪೀನಮುಂಡೆಯ ಚಿತ್ರದಲ್ಲಿ ಸಣ್ಣ ಶಿಲುಬೆಯಂಥ ಒಂದು ಗುರುತು ಹಿಡಿದದ್ದೇ ಜರ್ಮನಿಯ ಹಾರುಬಾಂಬಿನ ಸುಳಿವಾಯಿತು. ಇದರದ್ದೇ ಒಂದು ಕವಲು ದೆಹಲಿಯಲ್ಲೂ ಇತ್ತು. ಬರ್ಮಾ ರಂಗದ ಚಿತ್ರಗಳನ್ನು ಓದಲು ಅಲ್ಲಿ ಕೂತವರಲ್ಲಿ ಗ್ಲಿನ್ ಡೇನಿಯಲ್, ಸ್ಟುವರ್ಟ್ ಪಿಗಟ್ ಇದ್ದರು, ಇಬ್ಬರೂ ಪುರಾತತ್ವದವರು. ಹಳೆಯ ದಿಬ್ಬ ಗುರುತಿಸುವ ಕಣ್ಣಿಗೂ ಶತ್ರುವಿನ ಅಡಗುತಾಣ ಗುರುತಿಸುವ ಕಣ್ಣಿಗೂ ಬೇಕಾದದ್ದು ಒಂದೇ ತಾಳ್ಮೆ.

ಆ ಓದುಗರ ಒಂದು ಉಪಾಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಬಲೆ, ಸೊಪ್ಪು ಹೊದಿಸಿ ಮರೆಮಾಚಿದ ಫಿರಂಗಿ ಚಿತ್ರದಲ್ಲಿ ಕಾಣುವುದಿಲ್ಲ. ಆದರೆ ಅದಕ್ಕೆ ಮದ್ದುಗುಂಡು ಹೊತ್ತವರು, ಊಟ ಹೊತ್ತವರು ದಿನಾ ನಡೆಯಲೇಬೇಕಲ್ಲ. ಏನೂ ಇಲ್ಲದ ಜಾಗಕ್ಕೆ ನಾಲ್ಕು ಕಡೆಯಿಂದ ಕಾಲುದಾರಿ ಬಂದು ಕೂಡಿದರೆ, ಅಲ್ಲಿ ಏನೋ ಇದೆ ಅಂತಲೇ ಅರ್ಥ.

ಸಿಕ್ಕ ಚಿತ್ರ

ನಮ್ಮದೇ ಸರ್ವೇ ಇಲಾಖೆಯ ವೈಮಾನಿಕ ಚಿತ್ರಗಳು ಇವೆ. ನಮ್ಮ ಟೋಪೋಶೀಟುಗಳು, ಅಂದರೆ ಆ ಇಲಾಖೆಯ ಭೂನಕ್ಷೆಗಳು (ಕಾರವಾರದಿಂದ ಶಿರಸಿಯವರೆಗೆ 48 ಜೆ ಸರಣಿ) ಪರಿಷ್ಕರಣೆಯಾದದ್ದೇ ಅಂಥ ಚಿತ್ರಗಳಿಂದ. ನಾನು 80ರ ದಶಕದಲ್ಲಿ ಡೆಹ್ರಾಡೂನಿನಲ್ಲಿ ಮೂರು ವಾರದ ತರಬೇತಿಗೆ ಹೋದಾಗ ಅವುಗಳ ಮೇಲೇ ಕಣ್ಣು ಪಳಗಿಸಿದ್ದು. ಡಚ್ಚರ ನೆರವಿನಿಂದ 1966ರಲ್ಲಿ ಶುರುವಾದ, ವೈಮಾನಿಕ ಚಿತ್ರ ಓದುವುದನ್ನು ಕಲಿಸುವ ಸಂಸ್ಥೆ ಅದು. ವಿಜ್ಞಾನಿ ಪಿಷಾರಟಿಯವರ ತಂಡ 1970ರ ಹೊತ್ತಿಗೆ ಕೇರಳದಲ್ಲಿ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ತೆಂಗಿನ ತೋಟಗಳ ಚಿತ್ರ ತೆಗೆದು, ರೋಗ ಹಿಡಿದ ಮರಗಳನ್ನು ನೆಲದವರಿಗಿಂತ ಮೊದಲೇ ಗುರುತಿಸಿದ ಕತೆಯನ್ನು ನಾನು ಕೇಳಿದ್ದು ಅಲ್ಲೇ. ಊರಿಗೆ ಬಂದು ನಮ್ಮ ಅಡಿಕೆಗೂ ಹಾಗೆ ಮಾಡಬೇಕು ಅಂತ ಒಂದು ತಿಂಗಳು ಕನಸು ಕಂಡಿದ್ದೆ. ಇರಲಿ. ಈ ದೇಶೀ ಚಿತ್ರಗಳು ರಕ್ಷಣಾ ಗೋಪ್ಯತೆಯ ಪಟ್ಟಿಯಲ್ಲಿದ್ದವು. ಖಾಸಗಿ ಮನುಷ್ಯನೊಬ್ಬ ತನ್ನ ಗದ್ದೆ ನೋಡಬೇಕು ಅಂತ ಕೇಳಿ ಪಡೆಯುವುದು ಸುಲಭದ ಮಾತಾಗಿರಲಿಲ್ಲ.

ತಮಾಷೆ ಅಂದರೆ, ಪರದೇಶದ ಬೇಹುಗಾರಿಕೆ ಚಿತ್ರ ಶಿರಸಿಯ ಮನೆಯಲ್ಲಿ ಕೂತವನಿಗೆ ಸಿಗುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆ ಮತ್ತು ವಾಯುಪಡೆ ಸೇರಿ ನಡೆಸಿದ ಕರೋನಾ ಎಂಬ ಯೋಜನೆ (ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ) 1960ರಿಂದ 1972ರವರೆಗೆ ಉಪಗ್ರಹಗಳಿಂದ ಚಿತ್ರ ತೆಗೆಯಿತು. ಲೋಕಕ್ಕೆ ಹೇಳಿದ್ದು 'ಡಿಸ್ಕವರರ್' ಎಂಬ ವಿಜ್ಞಾನದ ಪ್ರಯೋಗ ಅಂತ. ಮೊದಲ ಹನ್ನೆರಡು ಪ್ರಯತ್ನ ಕೈಕೊಟ್ಟವು. ಆಗಿನ್ನೂ ಚಿತ್ರವನ್ನು ಆಕಾಶದಿಂದ ಒಳ್ಳೆಯ ಗುಣಮಟ್ಟದಲ್ಲಿ ರೇಡಿಯೋ ಮೂಲಕ ಕಳಿಸುವ ದಾರಿ ಇರಲಿಲ್ಲ. ಫಿಲ್ಮ್ ಸುರುಳಿಯನ್ನೇ ಒಂದು ಡಬ್ಬಿಯಲ್ಲಿಟ್ಟು ಕೆಳಕ್ಕೆ ಬಿಡುವುದು. ಪ್ಯಾರಾಶೂಟಿನಲ್ಲಿ ತೇಲಿ ಬರುವಾಗ ವಿಮಾನವೊಂದು ಕೊಕ್ಕೆ ಕಟ್ಟಿಕೊಂಡು ಹೋಗಿ ಗಾಳಿಯಲ್ಲೇ ಹಿಡಿಯುವುದು. 1960ರ ಆಗಸ್ಟಿನಲ್ಲಿ ಮೊದಲ ಸಲ ಫಿಲ್ಮ್ ಹಾಗೆ ಕೈಗೆ ಸಿಕ್ಕಿತು. 1995ರಲ್ಲಿ ಎಂಟು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳ ಮೇಲಿನ ಗುಟ್ಟು ತೆಗೆದರು. ಈಗ ಅವನ್ನು ಕೊಡುವುದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ. ಯಾರಾದರೂ ಮೊದಲೇ ಸ್ಕ್ಯಾನ್ ಮಾಡಿಸಿದ್ದರೆ ಪುಕ್ಕಟೆ. ಇಲ್ಲವಾದರೆ ಒಂದು ಫ್ರೇಮಿಗೆ 30 ಡಾಲರ್.

ಅವರ ಕಣ್ಣು ಇದ್ದದ್ದು ಸೋವಿಯತ್ ಕ್ಷಿಪಣಿಗಳ ಮೇಲೆ. ಆದರೂ ನಮ್ಮ ಮೇಲೆ ಹಾಯುವಾಗಲೂ ಕ್ಯಾಮೆರಾ ತೆರೆದಿತ್ತು. ಹುಡುಕುವಾಗ ಸಿಕ್ಕ ಬೇರೊಂದು ಫ್ರೇಮಿನಲ್ಲಿ ಕಾಳಿ ಕಣಿವೆ ಇತ್ತು, ಸೂಪಾ ಅಣೆಕಟ್ಟೆ ತುಂಬುವ ಮೊದಲಿನದು. ಮುಳುಗಡೆಯಾಗಿ ರಾಮನಗರಕ್ಕೆ ಹೋದ ಪರಿಚಯದವರೊಬ್ಬರಿಗೆ ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು ಹೊಳೆಯ ತಿರುವು ಎಣಿಸುತ್ತ ಹೋದರು, ಒಂದು ಕಡೆ ನಿಲ್ಲಿಸಿದರು, ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಒಳಗೆ ಹೋಗಿ ನೀರು ತಂದೆ.

ನಮ್ಮ ಪ್ರಕರಣಕ್ಕೆ ಒದಗಿದ್ದು 60ರ ದಶಕದ ಕೊನೆಯ ಒಂದು ಚಳಿಗಾಲದ ಫ್ರೇಮು. ಮೋಡವಿಲ್ಲ, ಗದ್ದೆ ಕೊಯ್ಲಾಗಿದೆ. ಆ ಸರಣಿಯ ಕ್ಯಾಮೆರಾ ಸುಮಾರು ಎರಡು ಮೀಟರಿನ ವಸ್ತುವನ್ನು ಬಿಡಿಸಿ ತೋರಿಸಬಲ್ಲದು. ಒಂದು ಫ್ರೇಮು ನೆಲದ ಮೇಲೆ 14 ಕಿ.ಮೀ. ಅಗಲ, 188 ಕಿ.ಮೀ. ಉದ್ದ, ಅಂದರೆ ಕಡಲಂಚಿನಿಂದ ಘಟ್ಟ ಹತ್ತಿ ಬಯಲುಸೀಮೆ ಮುಟ್ಟುವಷ್ಟು ಉದ್ದದ ಒಂದು ಪಟ್ಟಿ. ಅಷ್ಟೆಲ್ಲ ಮುಕ್ಕಾಲು ಮೀಟರ್ ಉದ್ದದ ಫಿಲ್ಮಿನಲ್ಲಿ. ಲೆಕ್ಕ ಹಾಕಿ ನೋಡಿದೆ: ಅರ್ಜಿದಾರರ ಗದ್ದೆ 120 ಮೀಟರ್ ಉದ್ದ, 40 ಮೀಟರ್ ಅಗಲ ಅಂದುಕೊಂಡರೆ ಮೂಲ ಫಿಲ್ಮಿನ ಮೇಲೆ ಅದು ಅರ್ಧ ಮಿಲಿಮೀಟರ್. ಗಸಗಸೆ ಕಾಳೂ ಅದಕ್ಕಿಂತ ದೊಡ್ಡದು.

ನನ್ನ ತಪ್ಪು

ಇಲ್ಲಿ ನಾನು ಎಡವಿದ್ದನ್ನು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಹಳೆಯ ಚಿತ್ರವನ್ನು ಇವತ್ತಿನ ನಕ್ಷೆಯ ಮೇಲೆ ಕೂರಿಸಬೇಕು. ಎರಡರಲ್ಲೂ ಇರುವ ಗುರುತುಗಳನ್ನು ಜೋಡಿ ಮಾಡಿ, ರಬ್ಬರ್ ಹಾಳೆ ಎಳೆದಂತೆ ಹಳೆಯದನ್ನು ಎಳೆದು ಹೊಂದಿಸುವುದು. ಕ್ಯೂಜಿಐಎಸ್ ಎಂಬ ಪುಕ್ಕಟೆ ತಂತ್ರಾಂಶ ಸಾಕು. ಕರೋನಾ ಚಿತ್ರದ ತೊಂದರೆ ಏನೆಂದರೆ, ಕ್ಯಾಮೆರಾ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸುತ್ತ ತೆಗೆದದ್ದು. ನಡುವೆ ಸರಿ ಇದ್ದದ್ದು ತುದಿಗೆ ಹೋದಂತೆ ಸೊಟ್ಟಗಾಗುತ್ತದೆ. ಸಾಲದ್ದಕ್ಕೆ ನಮ್ಮದು ಘಟ್ಟ. ಒಂದು ಗುಡ್ಡ ಹತ್ತಿಳಿದರೆ ಇನ್ನೂರು ಮೀಟರ್ ಏರುಪೇರು.

ನಾನು ಗುರುತಿಗೆ ತೆಗೆದುಕೊಂಡದ್ದು ರಸ್ತೆಯ ಎರಡು ತಿರುವು. ಚಿತ್ರ ಕೂತಿತು. ಅರ್ಜಿದಾರರ ಜಿಪಿಎಸ್ ಗಡಿಯೊಳಗೆ ಬೆಳ್ಳಗೆ ಒಂದು ತೇಪೆ ಕಂಡಿತು, ಕೊಯ್ಲಾದ ಗದ್ದೆ ಹೇಗೆ ಕಾಣಬೇಕೋ ಹಾಗೆ. ಅವತ್ತೇ ಸಂಜೆ ಫೋನ್ ಮಾಡಿ, "ಸಿಕ್ತು, ಪೂರ್ತಿ ಜಮೀನು ಆಗ್ಲೇ ಸಾಗುವಳಿ ಇತ್ತು" ಅಂದುಬಿಟ್ಟೆ. ಆ ಕಡೆಯಿಂದ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ಹೆಂಡತಿಯನ್ನು ಕರೆದು ಹೇಳುವುದು ಕೇಳಿಸಿತು.

ಮುಂದಿನ ವಾರ ಅಲ್ಲಿಗೆ ಹೋದೆ. ರಸ್ತೆಯ ಆ ಎರಡು ತಿರುವುಗಳಲ್ಲಿ ಒಂದನ್ನು ಡಾಂಬರು ಹಾಕುವಾಗ ನೇರ ಮಾಡಿದ್ದರು. ಹಳೆಯ ತಿರುವು ಧರೆಯ ಮೇಲೆ ಪೊದೆ ಬೆಳೆದು ಬಿದ್ದಿತ್ತು. ನನ್ನ ಚಿತ್ರ ನೂರು ಮೀಟರಿಗಿಂತ ಹೆಚ್ಚು ಜಾರಿ ಕೂತಿತ್ತು. ನಾನು ಗದ್ದೆ ಎಂದ ಬೆಳ್ಳನೆ ತೇಪೆ ಗುಡ್ಡದ ನೆತ್ತಿಯ ಮೇಲಿನ ಜಂಬಿಟ್ಟಿಗೆ ಕಲ್ಲುಹಾಸು! ಅದರ ಮೇಲೆ ನಿಂತು ಸುತ್ತ ನೋಡಿದಾಗ ಆದ ನಾಚಿಕೆ ಇನ್ನೂ ಹೋಗಿಲ್ಲ. ಕಲ್ಲುಹಾಸು ಇರುವುದು ನೆತ್ತಿಯಲ್ಲಿ, ಗದ್ದೆ ಇರುವುದು ತಗ್ಗಿನಲ್ಲಿ. ಕರೋನಾದಲ್ಲಿ ಮುಂದಕ್ಕೆ ಓರೆಯಾದ ಒಂದು, ಹಿಂದಕ್ಕೆ ಓರೆಯಾದ ಒಂದು, ಹೀಗೆ ಎರಡು ಕ್ಯಾಮೆರಾ ಇದ್ದವು. ಒಂದೇ ಜಾಗದ ಜೋಡಿ ಚಿತ್ರ ಸಿಗುತ್ತದೆ. ಜೋಡಿಯನ್ನು ಸ್ಟೀರಿಯೋಸ್ಕೋಪಿನ ಕೆಳಗಿಟ್ಟರೆ ಗುಡ್ಡ ಎದ್ದು ನಿಲ್ಲುತ್ತದೆ, ಕಣಿವೆ ಇಳಿಯುತ್ತದೆ. ಡೆಹ್ರಾಡೂನಿನಲ್ಲಿ ಮೊದಲ ದಿನ ಹೇಳಿಕೊಟ್ಟದ್ದೇ ಅದು: ಒಂಟಿ ಚಿತ್ರ ನೋಡಿ ಬಾಯಿ ಬಿಡಬೇಡಿ. ಮೂವತ್ತು ವರ್ಷ ಇನ್ನೊಬ್ಬರಿಗೆ ಹೇಳಿದ್ದನ್ನು ನಾನೇ ಮರೆತಿದ್ದೆ.

ಎರಡನೇ ಓದು

ಈ ಸಲ ರಸ್ತೆಯನ್ನು ಮುಟ್ಟಲೇ ಇಲ್ಲ. ದೇವಸ್ಥಾನದ ಕೆರೆಯ ಏರಿ, ಎರಡು ಹಳ್ಳ ಕೂಡುವ ಜಾಗ, ಆ ಕಲ್ಲುಹಾಸಿನ ಎರಡು ಚೂಪು ತುದಿ, ಇನ್ನೊಂದು ಹಳೇ ತೋಟದ ಮೂಲೆ. ಐವತ್ತು ವರ್ಷದಲ್ಲಿ ಜಾಗ ಬದಲಿಸದ ಸಂಗತಿಗಳು. ಇಡೀ ಫ್ರೇಮನ್ನು ಹೊಂದಿಸುವ ಗೋಜಿಗೆ ಹೋಗದೆ ಎರಡು ಕಿಲೋಮೀಟರಿನ ತುಂಡನ್ನು ಮಾತ್ರ ಕತ್ತರಿಸಿ ಕೂರಿಸಿದೆ. ಜೋಡಿಯನ್ನು ದೊಡ್ಡದಾಗಿ ಮುದ್ರಿಸಿ ಹಳೇ ಸ್ಟೀರಿಯೋಸ್ಕೋಪ್ ಹುಡುಕಿ ತೆಗೆದೆ.

ಕಪ್ಪುಬಿಳುಪು ಚಿತ್ರದಲ್ಲಿ ನಮ್ಮ ಸೀಮೆ ಹೇಗೆ ಕಾಣುತ್ತದೆ ಎನ್ನುವುದಕ್ಕೆ ನಾನೇ ಒಂದು ನಿಘಂಟು ಮಾಡಿಕೊಂಡಿದ್ದೇನೆ. ಕಾನು, ಅಂದರೆ ನಿತ್ಯಹಸಿರಿನ ದಟ್ಟ ಕಾಡು, ಹೂಕೋಸು ಹೆಟ್ಟಿ ಜೋಡಿಸಿದಂತೆ ಉಬ್ಬುಬ್ಬು. ಅಡಿಕೆ ತೋಟ ಕಣಿವೆಯ ತಳದಲ್ಲಿ ಹಾಸಿದ ಕರಿಕಂಬಳಿ. ಅಡಿಕೆಯ ಚಂಡೆ, ಅಂದರೆ ತಲೆಯ ಗರಿಗೊಂಚಲು, ಚಿಕ್ಕದು, ಒಂದೊಂದೇ ಮರ ಬಿಡಿಸಿ ಕಾಣದು, ಆದರೆ ಹಾಸು ಸಮನಾಗಿರುತ್ತದೆ. ಬೇಣ, ಅಂದರೆ ಹುಲ್ಲುಗಾವಲು, ನುಣ್ಣನೆಯ ಬೂದಿ ಬಣ್ಣ. ತೋಟಕ್ಕೆ ಸೊಪ್ಪು ಕಡಿದು ತರುವ ಸೊಪ್ಪಿನ ಬೆಟ್ಟವನ್ನಂತೂ ಹೊರಗಿನವರು ಯಾರೂ ಸರಿಯಾಗಿ ಓದಲಾರರು. ವರ್ಷ ವರ್ಷ ಸೊಪ್ಪು ಕಡಿಸಿಕೊಂಡ ಮರಗಳ ತಲೆ ಸಣ್ಣದಾಗಿ, ನಡುವೆ ನೆಲ ಕಾಣುತ್ತ, ತಿಳಿ ಹಾಸಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗಿರುತ್ತದೆ. ಬೇರೆ ಕಡೆ ಕಲಿತವನು ಅದನ್ನು 'ಹಾಳಾದ ಕಾಡು' ಅಂತ ಬರೆದುಬಿಡುತ್ತಾನೆ. ಅದು ಹಾಳಲ್ಲ, ಬಳಕೆ. ಎಳ್ಳು ಚೆಲ್ಲಿದ ಹಾಸು ಕಂಡಲ್ಲಿ ಅದರ ಕೆಳಗೆ ತೋಟವೂ ತೋಟಕ್ಕೊಂದು ಮನೆಯೂ ಇರಬೇಕು ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಈಗ ಕಂಡದ್ದು: ಕಣಿವೆಯ ತಳದಲ್ಲಿ, ಹಳ್ಳಕ್ಕೆ ತಾಗಿ, ಸೌತೆಕಾಯಿ ಸೀಳಿಟ್ಟ ಆಕಾರದ ಒಂದು ಬಿಳಿ ತುಂಡು. ಸ್ಟೀರಿಯೋದಲ್ಲಿ ತಗ್ಗಿಗೇ ಕೂರುತ್ತದೆ. ಅಡ್ಡಕ್ಕೆ ಮೂರ್ನಾಲ್ಕು ಸಣ್ಣ ಗೆರೆ, ಗದ್ದೆಯ ಹಾಳಿಗಳು, ಅಂದರೆ ಬದುಗಳು. ಅಳೆದರೆ 1 ಎಕರೆ 6 ಗುಂಟೆಯ ಆಸುಪಾಸು, ಅರ್ಜಿಯ ಕೆಳಗಿನ ಅರ್ಧ. ಮೇಲಿನ ಉಳಿದ 1 ಎಕರೆ 8 ಗುಂಟೆಯಲ್ಲಿ ಹೂಕೋಸು. ಅನುಮಾನವೇ ಇಲ್ಲದ ಕಾಡು.

"ಮನೆ ಕಾಣ್ತದಾ?" ಅಂತ ಕೇಳಿದರು. ಮನೆ ಕಾಣುತ್ತಿರಲಿಲ್ಲ. ಇವರ ಹಳೇ ಮನೆ ಸೋಗೆ ಹೊದಿಸಿದ್ದು, ಎರಡು ಹಲಸಿನ ಮರದ ಅಡಿಗೆ. ಮೇಲಿಂದ ನೋಡಿದವರಿಗೆ ಅದೂ ಮರವೇ.

ಆದರೆ ಬೇಣದ ಬೂದಿಯ ಮೇಲೆ ಬಿಳಿ ನೂಲೊಂದು ಓಡಿತ್ತು. ದಾರಿ. ಎರಡು ಮೀಟರಿಗಿಂತ ಕಡಿಮೆ ಅಗಲದ್ದಾದರೂ ಉದ್ದಕ್ಕೆ ಹೋಗುವ ಗೆರೆ, ಸುತ್ತಿನ ಬಣ್ಣಕ್ಕಿಂತ ಬೇರೆಯಾಗಿದ್ದರೆ, ಹೀಗೆ ಕಣ್ಣಿಗೆ ಸಿಕ್ಕಿಬಿಡುತ್ತದೆ. ಗದ್ದೆಯಿಂದ ಒಂದು, ಹಳ್ಳದಿಂದ ಒಂದು, ಗುಡ್ಡದ ಕಡೆಯಿಂದ ಒಂದು. ಮೂರೂ ಹೋಗಿ ಒಂದು ಮರದ ಗುಂಪಿನ ಕೆಳಗೆ ಮಾಯ. ಯುದ್ಧಕಾಲದ ಓದುಗರು ಫಿರಂಗಿ ಹಿಡಿದ ದಾರಿಯಲ್ಲೇ ನಾನು ಒಂದು ಸೋಗೆ ಮನೆ ಹಿಡಿದಿದ್ದೆ. ಹಿಡಿದೆನೇ? ಒಮ್ಮೆ ಎಡವಿದವನಿಗೆ ಧೈರ್ಯವಿರಲಿಲ್ಲ.

ಅಂಗಳದ ಮೇಲಿನ ನಕ್ಷೆ

ಪಕ್ಕದ ಮಜರೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಕುಟುಂಬಕ್ಕೆ ಸಂಬಂಧಿಕರಲ್ಲ. ಕಾಯ್ದೆಯ ನಿಯಮದಲ್ಲಿ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಇಡಲು ಅವಕಾಶವಿದೆ; ನೆಲ ಸಮ ಮಾಡಿದ್ದು, ಒಡ್ಡು ಹಾಕಿದ್ದು, ಮನೆಯ ಕುರುಹು ಎಲ್ಲಕ್ಕೂ ಜಾಗವಿದೆ. ಕನಿಷ್ಠ ಎರಡು ಬಗೆಯ ಸಾಕ್ಷ್ಯ ಬೇಕು. 2012ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಉಪಗ್ರಹ ಚಿತ್ರ ಉಳಿದ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದಕ್ಕೆ ಬದಲಿ ಆಗುವಂತಿಲ್ಲ. ಚಿತ್ರ ಒಂದನ್ನೇ ನಂಬಿ ಅರ್ಜಿ ತಳ್ಳಿಹಾಕುವುದನ್ನು ತಡೆಯಲು ಬಂದ ಮಾತಿದು. ಅರ್ಜಿದಾರರಿಗೂ ಅಷ್ಟೇ ಅನ್ವಯ.

ಅಜ್ಜಿಯ ಬಳಿ ಹೋಗುವಾಗ ಚಿತ್ರವನ್ನು ಚೀಲದಿಂದ ಹೊರಗೆ ತೆಗೆಯಬಾರದು ಅಂತ ನಾನೇ ಷರತ್ತು ಹಾಕಿದೆ. ತೋರಿಸಿದ ಮೇಲೆ ಕೇಳಿದರೆ ಯಾರಾದರೂ ಹೌದು ಅನ್ನುತ್ತಾರೆ. ಅರ್ಜಿದಾರರನ್ನೂ ಮನೆಯಲ್ಲೇ ಬಿಟ್ಟು ಬಂದೆ.

ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದರು. ನೀವು ಮದುವೆಯಾಗಿ ಬಂದಾಗ ಆ ಕಡೆ ಏನಿತ್ತು ಅಂತ ಕೇಳಿದೆ. ಸಿಪ್ಪೆಯ ರಾಶಿಯಿಂದ ನಾಲ್ಕು ತುಂಡು ತೆಗೆದು ಅಂಗಳದ ಮೇಲೆ ಇಡುತ್ತ ಹೋದರು. ಇದು ಹಳ್ಳ, ಇದು ಗದ್ದೆ. ಒಂದು ಇಡೀ ಅಡಿಕೆ ಇಟ್ಟು, ಇದು ಮನೆ.

"ನೀರಿಗೆ ಹೀಂಗೆ ಹೋಗ್ತಿದ್ರು. ಗದ್ದೆಗೆ ಹೀಂಗೆ."

"ಮೇಲೆ ಗುಡ್ಡಕ್ಕೆ ದಾರಿ ಇತ್ತಾ ಅಜ್ಜಿ?"

"ಗುಡ್ಡಕ್ಕಲ್ಲ ತಮಾ, ಚೌಡಿ ಬನಕ್ಕೆ. ಅಲ್ಲಿಂದ್ಲೇ ನಮ್ಮನೆ ಕಡೆ ಬರೂದು. ನಾ ಎಷ್ಟು ಸಲ ನಡದೇನೆ."

ಮೂರು ದಾರಿ. ಮೂರನೆಯದು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಆವರೆಗೂ ಗೊತ್ತಿರಲಿಲ್ಲ. ಚಿತ್ರದಲ್ಲಿ ಅದು ಕಾನಿನೊಳಗೆ ನುಗ್ಗಿ ಮುಗಿದಿತ್ತು. ಸಿಪ್ಪೆಯ ನಕ್ಷೆಯನ್ನು ಫೋನಿನಲ್ಲಿ ಫೋಟೊ ಹೊಡೆದುಕೊಂಡೆ, ಮೇಲಿಂದಲೇ. ಆಮೇಲೆ ಗ್ರಾಮ ಸಮಿತಿಯವರನ್ನು ಕರೆಸಿ ಹೇಳಿಕೆ ಬರೆಸಿ ಹೆಬ್ಬೆಟ್ಟು ಹಾಕಿಸಿದ್ದಾಯಿತು. ಚಿತ್ರ ತೋರಿಸಿದ್ದು ಅದಾದ ಮೇಲೆ. ಅಜ್ಜಿ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಇದ್ರಲ್ಲಿ ಎಂತದೂ ಕಾಣೂದಿಲ್ಲ" ಅಂದು ಮತ್ತೆ ಮೆಟ್ಟುಗತ್ತಿಗೆ ಕೈ ಹಾಕಿದರು.

ಮರುದಿನ ಚೌಡಿ ಬನದ ಕಡೆಯಿಂದ ಇಳಿದು ಹೋದೆವು. ಎರಡು ಹಲಸಿನಲ್ಲಿ ಒಂದು ಬುಡ ಮಾತ್ರ ಇದೆ. ಎಲೆ ಸರಿಸಿದರೆ ಮನೆಯ ಪಂಚಾಂಗದ (ಅಡಿಪಾಯದ) ಕಲ್ಲು ಸಿಕ್ಕಿತು, ಒರಳಿನ ಗುಳಿಯೂ. ಕ್ರಾಫರ್ಡ್ ಗುದ್ದಲಿ ಹಿಡಿದಿದ್ದ, ನಮಗೆ ಕಾಲಿನಿಂದ ತರಗೆಲೆ ಸರಿಸಿದ್ದೇ ಸಾಕಾಯಿತು.

ಮೇಲಿನ ಅರ್ಧ

ಇನ್ನು ಕಹಿ ಭಾಗ. ಮೇಲಿನ 1 ಎಕರೆ 8 ಗುಂಟೆ ಆಗ ಕಾಡಾಗಿತ್ತು ಎಂದು ಹೇಳಿದಾಗ ಅರ್ಜಿದಾರರು ಸುಮ್ಮನೆ ಕೂತರು. ಆಮೇಲೆ, "ಅದು ಅಪ್ಪ ಹೋದ್ಮೇಲೆ ಅಣ್ಣ-ತಮ್ಮ ಸೇರಿ ಮಾಡಿದ್ದು. ಎಂಬತ್ತರ ಈಚೆಗೆ," ಅಂದರು. ಅರ್ಜಿಯಲ್ಲಿ ಇಡೀ ಜಮೀನು ಅಜ್ಜನ ಕಾಲದ್ದು ಎಂದು ಯಾರೋ ಬರೆದುಕೊಟ್ಟಿದ್ದರು.

ಜೊತೆಗಿದ್ದ ಹುಡುಗನೊಬ್ಬ, "ಸರ್, ಕೆಳಗಿಂದು ಮಾತ್ರ ಕ್ರಾಪ್ ಮಾಡಿ ಹಾಕಿದ್ರೆ ಆಯ್ತಲ್ಲ," ಅಂದ. ಅವನ ತಪ್ಪಲ್ಲ. ಆದರೆ ಆ ಫ್ರೇಮು ನನಗೆ ಸಿಕ್ಕಂತೆ ಯಾರಿಗೂ ಸಿಗುತ್ತದೆ. ಎದುರಿನವರು ನಾಳೆ ಪೂರ್ತಿ ಚಿತ್ರ ತಂದಿಟ್ಟರೆ ಕೆಳಗಿನ ಅರ್ಧದ ಸತ್ಯಕ್ಕೂ ಬೆಲೆ ಇರುವುದಿಲ್ಲ.

ಚಿತ್ರ ಯಾರಿಗೂ ಬೇಕಾದ್ದನ್ನಷ್ಟೇ ತೋರಿಸುವುದಿಲ್ಲ; ನೋಡುವವರು ತಮಗೆ ಬೇಕಾದ್ದನ್ನಷ್ಟೇ ನೋಡುತ್ತಾರೆ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಭಾರದ ಉದಾಹರಣೆ 1944ರ ಏಪ್ರಿಲ್ 4ರದ್ದು. ದಕ್ಷಿಣ ಆಫ್ರಿಕಾದ ಸ್ಕ್ವಾಡ್ರನ್ನಿನ ವಿಮಾನವೊಂದು ಮೊನೊವಿಟ್ಸ್ ಎಂಬಲ್ಲಿನ ಕೃತಕ ರಬ್ಬರು, ಇಂಧನದ ಕಾರ್ಖಾನೆಯ ಚಿತ್ರ ತೆಗೆಯಲು ಹೋಯಿತು. ಅದೇ ಸುರುಳಿಯಲ್ಲಿ, ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದ ಪಕ್ಕದ ಆಶ್‌ವಿಟ್ಸ್ ಶಿಬಿರವೂ ಬಿತ್ತು. ಓದುಗರು ಕಾರ್ಖಾನೆಯ ಒಂದೊಂದು ಭಾಗಕ್ಕೂ ಗುರುತು ಹಾಕಿದರು. ಶಿಬಿರದ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ. ಸಿಐಎಯ ಇಬ್ಬರು ವಿಶ್ಲೇಷಕರು ಆ ಚಿತ್ರಗಳನ್ನು ಆ ಕಣ್ಣಿನಿಂದ ಹಿಗ್ಗಿಸಿ ನೋಡಿದ್ದು 1978ರಲ್ಲಿ.

ವಕೀಲರೊಬ್ಬರ ಬಳಿ ಹೋದಾಗ ನಾನು ಮೊದಲು ಹೇಳಿದ ವ್ಯತ್ಯಾಸ ಮೇಲೆ ಬಂತು. ಮೇಲಿನ ಅರ್ಧ 1978ರ ಗೆರೆಗೆ ಸಿಗುವುದಿಲ್ಲ, ನಿಜ. ಆದರೆ ಅರಣ್ಯ ಹಕ್ಕು ಕಾಯ್ದೆ ಕೇಳುವುದು 2005ಕ್ಕೆ ಮೊದಲಿನ ಸ್ವಾಧೀನವನ್ನು. ಅಲ್ಲಿರುವ ತೆಂಗಿನ ವಯಸ್ಸೇ ಅದಕ್ಕೆ ಸಾಕ್ಷಿ. ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ. ಅರ್ಜಿಗೆ ತಿದ್ದುಪಡಿ ಹೇಳಿಕೆ ಕೊಟ್ಟೆವು: ಕೆಳಗಿನದು ಹಳೆಯದು, ಮೇಲಿನದು ಎಂಬತ್ತರ ನಂತರದ್ದು.

1930ರ ಪ್ರಶ್ನೆಗೆ ಚಿತ್ರ ಉತ್ತರಿಸುವುದಿಲ್ಲ. 60ರ ದಶಕದಲ್ಲಿ ಅಷ್ಟು ಮಟ್ಟಸವಾಗಿ ಹಾಳಿ ಹಾಕಿದ ಗದ್ದೆ ಒಂದೆರಡು ವರ್ಷದ್ದಲ್ಲ ಎಂದಷ್ಟೇ ಹೇಳಬಹುದು. ಅದರಾಚೆಗೆ ನಾನು ಒಂದು ಅಕ್ಷರ ಬರೆಯಲಿಲ್ಲ. ಅದಕ್ಕೆ ಬೇರೆ ಕಾಗದವೇ ಆಗಬೇಕು. ನಮ್ಮ ಜಿಲ್ಲೆಯ ಕಾಗದಗಳ ಹಣೆಬರಹವೂ ಹಾಗೇ: 1862ರವರೆಗೆ ಮದ್ರಾಸು, ಆಮೇಲೆ ಮುಂಬಯಿ, 1956ರಿಂದ ಮೈಸೂರು. ಅಜ್ಜನ ಅಪ್ಪನ ಹೆಸರಿರುವ ಒಂದು ದಂಡದ ರಸೀದಿಗಾಗಿ ಅಣ್ಣನ ಮಗ ಇನ್ನೂ ಓಡಾಡುತ್ತಿದ್ದಾನೆ.

ಸೀಲು ಎಲ್ಲಿದೆ

ಫೈಲು ಮತ್ತೆ ಸಲ್ಲಿಸಲು ಹೋದ ದಿನ ಟೇಬಲ್ಲಿನ ಆಚೆಗಿದ್ದವರು ಸಜ್ಜನರು. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಿಂದೆ ನೋಡಿದರು. "ಇದಕ್ಕೆ ಸಹಿ ಇಲ್ಲ, ಸೀಲಿಲ್ಲ. ದೃಢೀಕೃತ ಪ್ರತಿ ತನ್ನಿ," ಅಂದರು.

ಗುಟ್ಟಾಗಿ ತೆಗೆದ ಚಿತ್ರಕ್ಕೆ ಸೀಲು ಹಾಕುವವರು ಯಾರು? ಫ್ರೇಮಿನ ಸಂಖ್ಯೆ, ಇಳಿಸಿಕೊಂಡ ತಾರೀಖು, ನಕ್ಷೆಗೆ ಕೂರಿಸಿದ ಗುರುತುಗಳ ಪಟ್ಟಿ, ಮೊದಲ ಸಲ ತಪ್ಪಾದದ್ದು ಹೇಗೆ, ಎಲ್ಲವನ್ನೂ ಬರೆದ ನನ್ನ ಅಫಿಡವಿಟ್ಟು ಜೊತೆಗಿತ್ತು. ಅದರ ಮೇಲೆ ನೋಟರಿಯ ಸೀಲು ನೋಡಿ ಅವರಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ ದಾಖಲೆ ಪಟ್ಟಿಯ ನಮೂನೆಯಲ್ಲಿ ಒಂದು ಕಾಲಂ ಖಾಲಿ ಬಿಡುವಂತಿರಲಿಲ್ಲ: ದಾಖಲೆ ನೀಡಿದ ಪ್ರಾಧಿಕಾರ.

ಅರ್ಜಿದಾರರು ನನ್ನ ಮುಖ ನೋಡಿದರು. "ಅಮೆರಿಕ ಅಂತ ಬರೀಲಾ ಮಾಸ್ತರ್ರೆ?"

ಬರೀರಿ ಅಂದೆ. ಅವರು ಪೆನ್ನು ಒತ್ತಿ ಹಿಡಿದು, ಕಾಲಂ ಸಣ್ಣದಾದ್ದರಿಂದ ಎರಡು ಸಾಲು ಮಾಡಿ, ನಿಧಾನಕ್ಕೆ ಬರೆದರು.